ಇಟ್ಟಿಗೆ ಉದ್ಯಮವನ್ನು ಬದಲಿಸಿದ್ದು ಅಚ್ಚಿನ ಯಂತ್ರವೋ, ಗೂಡೋ?

ಇಟ್ಟಿಗೆ ತಯಾರಿಕೆ ಕೈಕಸುಬಿನಿಂದ ಕಾರ್ಖಾನೆಗೆ ಬಂದ ಕಾಲದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಯಂತ್ರ ಯಾವುದು ಎಂದು ಕೇಳಿದ್ದೀರಿ. ಹಲವರು ಮಣ್ಣಿಗೆ ಇಟ್ಟಿಗೆಯ ಆಕಾರ ಕೊಡುವ ಯಂತ್ರವನ್ನು ಹೆಸರಿಸುತ್ತಾರೆ. ನಾನು ಇಟ್ಟಿಗೆ ಸುಡುವ ಗೂಡನ್ನೇ ಆರಿಸುತ್ತೇನೆ, ಅದರಲ್ಲೂ 1858ರಲ್ಲಿ ಜರ್ಮನಿಯ ಫ್ರೆಡ್ರಿಕ್ ಹಾಫ್‌ಮನ್ ಪೇಟೆಂಟ್ ಪಡೆದ ಉಂಗುರಾಕಾರದ ಗೂಡನ್ನು.

ಆಕಾರ ಕೊಡುವ ಯಂತ್ರಗಳೂ ಸಣ್ಣ ಸಾಧನೆಯೇನಲ್ಲ. ಪಗ್ ಮಿಲ್ ಎಂಬ ಪೀಪಾಯಿಯೊಳಗೆ ಅಲಗುಗಳಿರುವ ಕಂಬವನ್ನು ಕುದುರೆ ಸುತ್ತಿಸುತ್ತಿತ್ತು, ಮಣ್ಣು ಹದಗೊಳ್ಳುತ್ತಿತ್ತು. 1850ರ ದಶಕದಲ್ಲಿ ಬರ್ಲಿನ್ನಿನ ಕಾರ್ಲ್ ಶ್ಲಿಕೈಸನ್ ಅಲಗುಗಳ ಬದಲು ತಿರುಪನ್ನಿಟ್ಟು, ಮಣ್ಣನ್ನು ಒಂದು ಬಾಯಿಯ ಮೂಲಕ ಒತ್ತಿ ಹೊರತಳ್ಳುವ ಯಂತ್ರ ರೂಪಿಸಿದರು. ಉದ್ದನೆಯ ಮಣ್ಣಿನ ದಿಮ್ಮಿ ಹೊರಬರುತ್ತದೆ, ತಂತಿಗಳು ಅದನ್ನು ಕತ್ತರಿಸುತ್ತವೆ. ಹಳೆಯ ಇಟ್ಟಿಗೆಯ ಅಗಲ ಮುಖದ ಮೇಲೆ ತಂತಿ ಎಳೆದ ಗೀರು ಕಂಡರೆ ಅದು ಇದೇ ವಿಧಾನದ್ದು. ಆದರೆ ಯಂತ್ರ ಸಾವಿರಗಟ್ಟಲೆ ಹಸಿ ಇಟ್ಟಿಗೆ ಸುರಿದರೂ ಅವುಗಳನ್ನು ಬಿರುಕು ಬಿಡದಂತೆ ನಿಧಾನವಾಗಿ ಒಣಗಿಸಬೇಕು, ಆಮೇಲೆ ಸುಡಬೇಕು. ಕೆಲಸ ತಡವಾಗುತ್ತಿದ್ದುದು ಅಲ್ಲಿಯೇ.

ಹಳೆಯ ರೀತಿಯಲ್ಲಿ ಹಸಿ ಇಟ್ಟಿಗೆ ಮತ್ತು ಉರುವಲನ್ನು ಒಟ್ಟಿಗೆ ಪೇರಿಸಿ ಬೆಂಕಿ ಕೊಡುತ್ತಿದ್ದರು. ಹೊರಗಿನವು ಅರೆಬೆಂದು, ನಡುವಿನವು ಸೀದು ಸೊಟ್ಟಾಗುತ್ತಿದ್ದವು. ಬೆಂಕಿ ಆರಿದ ಮೇಲೆ ರಾಶಿಯ ಅಷ್ಟೂ ಶಾಖ ಗಾಳಿಪಾಲು. ಮುಂದಿನ ಸುಡುವಿಕೆ ಮತ್ತೆ ತಣ್ಣನೆಯ ಮಣ್ಣಿನಿಂದಲೇ ಆರಂಭ.

ಹಾಫ್‌ಮನ್ ಗೂಡಿನಲ್ಲಿ ಇಟ್ಟಿಗೆ ಇದ್ದಲ್ಲೇ ಇರುತ್ತದೆ, ಬೆಂಕಿ ಕೋಣೆಯಿಂದ ಕೋಣೆಗೆ ಸುತ್ತು ಹಾಕುತ್ತದೆ. ಒಳಬರುವ ಗಾಳಿ ಮೊದಲು ಬೆಂದ ಇಟ್ಟಿಗೆಗಳ ನಡುವೆ ಹಾದು ಅವುಗಳನ್ನು ತಣಿಸಿ, ತಾನು ಕಾದುಕೊಂಡು ಬೆಂಕಿಯನ್ನು ಸೇರುತ್ತದೆ. ಬೆಂಕಿ ದಾಟಿದ ಬಿಸಿ ಹೊಗೆ ಮುಂದಿನ ಕೋಣೆಗಳ ಹಸಿ ಇಟ್ಟಿಗೆಯ ತೇವ ಹೀರಿ, ಅವುಗಳನ್ನು ಕಾಯಿಸಿದ ಮೇಲಷ್ಟೇ ಚಿಮಣಿಗೆ ಹೋಗುತ್ತದೆ. ಚಾವಣಿಯ ಸಣ್ಣ ರಂಧ್ರಗಳಿಂದ ಕಲ್ಲಿದ್ದಲ ಪುಡಿ ಉದುರಿಸುತ್ತಾರೆ. ಕೋಣೆಗಳ ನಡುವಿನ ತಡೆಗೆ ಕಾಗದದ ಪರದೆ ಸಾಕಿತ್ತು, ಬೆಂಕಿ ಹತ್ತಿರವಾದಾಗ ಅದು ತಾನೇ ಸುಟ್ಟು ದಾರಿ ಬಿಡುತ್ತಿತ್ತು. ಈ ಒಂದು ಉಪಾಯಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ. ಒಂದೆಡೆ ಬೆಂದ ಇಟ್ಟಿಗೆ ಇಳಿಸುತ್ತ, ಪಕ್ಕದಲ್ಲೇ ಹಸಿಯದನ್ನು ಪೇರಿಸುತ್ತ, ಬೆಂಕಿಯನ್ನು ತಿಂಗಳುಗಟ್ಟಲೆ ಆರದಂತೆ ನಡೆಸಬಹುದಿತ್ತು. ಯಂತ್ರದ ವೇಗಕ್ಕೆ ಸರಿಸಾಟಿಯಾದ ಗೂಡು ಸಿಕ್ಕಿದ್ದು ಆಗಲೇ.

ಕಟ್ಟಲು ದುಬಾರಿ ಎಂಬುದೊಂದೇ ತೊಡಕು. 1876ರಲ್ಲಿ ಬ್ರಿಟಿಷ್ ಎಂಜಿನಿಯರ್ ವಿಲಿಯಂ ಬುಲ್ ಕಮಾನು ಚಾವಣಿಯನ್ನು ಕೈಬಿಟ್ಟು, ನೆಲದಲ್ಲಿ ಕಂದಕ ತೋಡಿ, ಮೇಲೆ ಬೂದಿ ಹೊದಿಸಿ, ಸ್ಥಳಾಂತರಿಸಬಲ್ಲ ತಗಡಿನ ಚಿಮಣಿ ಇಟ್ಟು ಅದೇ ತತ್ವವನ್ನು ಅಗ್ಗವಾಗಿಸಿದರು. ಭಾರತದಲ್ಲಿ ಹಬ್ಬಿದ್ದು ಈ ಮಾದರಿ, ಹೊಗೆಯ ಸಮಸ್ಯೆಯೂ ಅದರ ಜೊತೆಗೇ ಬಂತು. ನಂತರದ ಸುರಂಗ ಗೂಡಿನಲ್ಲಿ ಬೆಂಕಿಯನ್ನು ಒಂದೆಡೆ ನಿಲ್ಲಿಸಿ ಇಟ್ಟಿಗೆಯನ್ನೇ ಹಳಿಗಾಡಿಯ ಮೇಲೆ ಸಾಗಿಸುತ್ತಾರೆ. ಶಾಖವನ್ನು ಮರಳಿ ಬಳಸುವ ಲೆಕ್ಕ ಮಾತ್ರ ಹಾಫ್‌ಮನ್ನರದೇ.