ತಂಪನ್ನು ಕೂಡಿಡುವುದು ಹೇಗೆ?

ಪ್ರಶ್ನೆ: ದೊಡ್ಡ ಕಟ್ಟಡಗಳಲ್ಲಿ ರಾತ್ರಿಯೇ ತಂಪನ್ನು ಕೂಡಿಟ್ಟು ಹಗಲು ಏಸಿಗೆ ಬಳಸುತ್ತಾರಂತೆ. ತಂಪು ಒಂದು ವಸ್ತುವೇ ಅಲ್ಲವಲ್ಲ, ಅದನ್ನು ಕೂಡಿಡುವುದು ಹೇಗೆ?

ಉತ್ತರ: ನಿಜ, ತಂಪು ವಸ್ತುವಲ್ಲ. ನೀರಿನಲ್ಲಿರುವ ಬಿಸಿಯನ್ನು ರಾತ್ರಿಯೇ ಹೊರಗೆ ಹಾಕಿಬಿಟ್ಟರೆ, ಹಗಲು ಆ ನೀರು ಕೋಣೆಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಇಷ್ಟೇ ಸಂಗತಿ. ರಾತ್ರಿ ಹೊರಗಿನ ಗಾಳಿಯೂ ತಣ್ಣಗಿರುತ್ತದೆ, ಚಿಲ್ಲರ್‌ಗೆ, ಅಂದರೆ ನೀರನ್ನು ತಣ್ಣಗೆ ಮಾಡುವ ಯಂತ್ರಕ್ಕೆ, ಕೆಲಸ ಹಗುರ. ಮಧ್ಯಾಹ್ನ ಎಲ್ಲ ಕಟ್ಟಡಗಳ ಏಸಿಯೂ ಒಟ್ಟಿಗೆ ಕರೆಂಟ್ ಎಳೆಯುವ ಹೊತ್ತಿಗೆ ಇಲ್ಲಿ ಪಂಪ್‌ಗಳು ಮತ್ತು ಫ್ಯಾನ್‌ಗಳು ಓಡಿದರೆ ಸಾಕು.

ಕೆಲವರು ನೀರಿನ ಬದಲು ಐಸ್ ಮಾಡಿಡುತ್ತಾರೆ. ಒಂದು ಕೆಜಿ ಐಸ್ ಕರಗುವಾಗ 334 ಕಿಲೋಜೂಲ್ ಬಿಸಿ ಹೀರುತ್ತದೆ. ಅದೇ ಒಂದು ಕೆಜಿ ನೀರು 8 ಡಿಗ್ರಿ ಏರುವಾಗ ಹೀರುವುದು ಸುಮಾರು 33 ಮಾತ್ರ. ಜಾಗ ಇಲ್ಲದ ಕಡೆ ಐಸ್ ಸರಿ. ಆದರೆ ಐಸ್ ಆಗಬೇಕಾದರೆ ಚಿಲ್ಲರ್ ಸೊನ್ನೆಗಿಂತ ಕೆಳಗೆ ಓಡಬೇಕು, ಕರೆಂಟ್ ಜಾಸ್ತಿ ತಿನ್ನುತ್ತದೆ. ಇಂಥ ಪ್ಲಾಂಟ್‌ಗಳಲ್ಲೇ ದುಡಿದ ನನ್ನ ಮತ, ಜಾಗ ಇದ್ದರೆ ನೀರಿನ ಟ್ಯಾಂಕಿಗೇ.

ಆ ಟ್ಯಾಂಕಿನ ಒಳಗೆ ನಡೆಯುವುದು ನನಗೆ ಈಗಲೂ ಬೆರಗು. ಕೆಳಗೆ 5 ಡಿಗ್ರಿ ನೀರು, ಅದರ ಮೇಲೆ ಕಟ್ಟಡ ಸುತ್ತಿ ಬಂದ 13 ಡಿಗ್ರಿ ನೀರು. ನಡುವೆ ಗೋಡೆ ಇಲ್ಲ, ಪರದೆ ಇಲ್ಲ. ಮೇಲಿನಿಂದ ಕೆಳಗೆ ಸಾಲಾಗಿ ಕೂರಿಸಿದ ಥರ್ಮಾಮೀಟರ್‌ಗಳನ್ನು ಓದುತ್ತಾ ಬನ್ನಿ: 13, 13, 13, ಆಮೇಲೆ ಇದ್ದಕ್ಕಿದ್ದಂತೆ 9, ಅದರ ಕೆಳಗೆ 5, 5, 5. ಈ ಗಡಿ ರಾತ್ರಿ ಮೇಲೇರುತ್ತದೆ, ಹಗಲು ಕೆಳಗಿಳಿಯುತ್ತದೆ. ಅದು ಕೆಡದಂತೆ ನೋಡಿಕೊಳ್ಳುವುದೇ ಇಲ್ಲಿನ ದೊಡ್ಡ ಕೆಲಸ. ನೀರು ಪೈಪಿನಿಂದ ಜೋರಾಗಿ ನುಗ್ಗಬಾರದು. ಟ್ಯಾಂಕಿನ ಅಗಲಕ್ಕೂ ಹರಡಿದ ತೂತಿನ ಕೊಳವೆಗಳಿಂದ ನಿಧಾನವಾಗಿ ಇಳಿಯಬೇಕು. ನುಗ್ಗಿತೋ, ಎಲ್ಲ ಕಲಸಿಹೋಗಿ 9 ಡಿಗ್ರಿ! ಲೆಕ್ಕಕ್ಕೆ ತಂಪು ಅಷ್ಟೇ ಇದೆ, ಆದರೆ ಆ ನೀರಿನಿಂದ ಕೋಣೆಯ ತೇವ ಸರಿಯಾಗಿ ತೆಗೆಯಲು ಆಗುವುದಿಲ್ಲ. ಜಾಸ್ತಿ ತಂಪು ಬೇಕೆಂದು 4 ಡಿಗ್ರಿಗಿಂತ ಕೆಳಗಿಳಿಸುವುದೂ ತಪ್ಪು. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಇನ್ನೂ ತಣ್ಣಗಾದರೆ ಹಗುರಾಗಿ ಮೇಲೆದ್ದು ಪದರವನ್ನೇ ಕಲಕುತ್ತದೆ.

ಪ್ರಶ್ನೆ: ಮನೆಯ ಮೇಲೆ 200 ಲೀಟರ್ ಸೋಲಾರ್ ಬಿಸಿನೀರಿನ ಟ್ಯಾಂಕ್ ಇದೆ. ಇದನ್ನೂ ಬಿಸಿ ಕೂಡಿಡುವ ಬ್ಯಾಟರಿ ಎನ್ನಬಹುದೇ?

ಉತ್ತರ: ಖಂಡಿತ. 25 ಡಿಗ್ರಿಯ ನೀರು 60 ಡಿಗ್ರಿಗೆ ಏರಿದರೆ ಅದರಲ್ಲಿ 8 ಯೂನಿಟ್‌ಗೂ ಸ್ವಲ್ಪ ಜಾಸ್ತಿ ಬಿಸಿ ಸೇರಿರುತ್ತದೆ. ಇಲ್ಲೂ ಬಿಸಿ ಮೇಲೆ, ತಣ್ಣೀರು ಕೆಳಗೆ. ಅದಕ್ಕೇ ಬಿಸಿನೀರಿನ ಪೈಪ್ ಮೇಲಿನಿಂದ ಹೊರಡುತ್ತದೆ. ಟ್ಯಾಂಕಿಗೆ ದಪ್ಪ ಹೊದಿಕೆ ಹಾಕಿ ಪೈಪನ್ನು ಬರಿಮೈಯಲ್ಲಿ ಬಿಡುವವರೇ ಜಾಸ್ತಿ, ದಯವಿಟ್ಟು ಅದಕ್ಕೂ ಹೊದಿಕೆ ಸುತ್ತಿಸಿ. ಒಳಗೆ ಕರೆಂಟ್ ಹೀಟರ್ ಇದ್ದರೆ ಉಳಿತಾಯಕ್ಕೆಂದು 40ಕ್ಕೆ ಇಳಿಸಿಡಬೇಡಿ. ಆ ಬೆಚ್ಚನೆ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು, ಅದು ನ್ಯುಮೋನಿಯಾ ತರುತ್ತದೆ. 60ರಲ್ಲಿ ಇಟ್ಟು, ನಲ್ಲಿಯ ಹತ್ತಿರ ತಣ್ಣೀರು ಬೆರೆಸಿಕೊಳ್ಳಿ.

ಪ್ರಶ್ನೆ: ಬೇಸಿಗೆಯ ಬಿಸಿಯನ್ನು ಚಳಿಗಾಲದವರೆಗೆ ಉಳಿಸಬಹುದೇ?

ಉತ್ತರ: ಉಳಿಸಿ ತೋರಿಸಿದ್ದಾರೆ. ಕೆನಡಾದ ಒಕೊಟೋಕ್ಸ್‌ನ ಡ್ರೇಕ್ ಲ್ಯಾಂಡಿಂಗ್‌ನಲ್ಲಿ 52 ಮನೆಗಳಿಗೆ 2007ರಲ್ಲಿ ಈ ವ್ಯವಸ್ಥೆ ಶುರುವಾಯಿತು. ಗ್ಯಾರೇಜ್ ಚಾವಣಿಯ ಸೋಲಾರ್ ಪ್ಯಾನೆಲ್‌ಗಳು ಬೇಸಿಗೆಯಲ್ಲಿ ಕೊಟ್ಟ ಬಿಸಿಯನ್ನು 37 ಮೀಟರ್ ಆಳದ 144 ಕೊಳವೆಬಾವಿಗಳ ಮೂಲಕ ಮಣ್ಣಿಗೆ ಇಳಿಸುತ್ತಿದ್ದರು. ಕೆಲವು ವರ್ಷಗಳಲ್ಲಿ ಮಣ್ಣು ಪೂರ್ತಿ ಬಿಸಿಯಾದ ಮೇಲೆ ಮನೆ ಬೆಚ್ಚಗಿಡಲು ಬೇಕಾದ ಬಿಸಿಯಲ್ಲಿ ಶೇ. 90ಕ್ಕೂ ಹೆಚ್ಚು ಸೂರ್ಯನಿಂದಲೇ ಸಿಕ್ಕಿತು.

ಆದರೆ ಒಂದೇ ಮನೆಗೆ ಇದು ಬೇಡ. ಸಂಗ್ರಹದ ಉದ್ದ, ಅಗಲ, ಆಳ ಎರಡು ಪಟ್ಟಾದರೆ ಅದು ಹಿಡಿಯುವ ಬಿಸಿ ಎಂಟು ಪಟ್ಟಾಗುತ್ತದೆ, ಬಿಸಿ ಸೋರುವ ಹೊರಮೈ ನಾಲ್ಕೇ ಪಟ್ಟು. ಚಿಕ್ಕದಾದಷ್ಟೂ ಬೇಗ ಆರುತ್ತದೆ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಬಡಾವಣೆಗೆ ಪೈಪ್ ಹಾಕುವ ಮೊದಲೇ ಮಾತಾಡಿಕೊಂಡರೆ ಆಗುವ ಕೆಲಸ ಇದು.