ಮೇ ತಿಂಗಳ ಮದುವೆಯೊಳಗೆ ತೂಕ ಇಳಿಯಬೇಕು ಎಂದವರು

ಇದು ಮಡಿಕೇರಿ ತಾಲೂಕಿನ 41 ವರ್ಷದ ಮಹಿಳೆಯೊಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಜಾನಕಿ ಎನ್ನೋಣ.

ನವೆಂಬರ್-ಡಿಸೆಂಬರ್ ಹೊತ್ತಿನ ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ಮೇಲೆ ನನ್ನ ಬಳಿ ಸಲಹೆ ಕೇಳಲು ಬಂದರು. ಬರುವಾಗಲೇ ತೀರ್ಮಾನ ಆಗಿತ್ತು. ಬೆಂಗಳೂರಿಗೆ ಹೋಗಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಬೇಕು. ನಾದಿನಿಯ ಮಗಳ ಮದುವೆ ಮೇ ತಿಂಗಳಲ್ಲಿ, ಅಷ್ಟರೊಳಗೆ ಆಗಬೇಕು. ಕರಿಮೆಣಸು ಮಾರಿದ ದುಡ್ಡಿದೆ, ಸಾಲದಿದ್ದರೆ ಒಡವೆ ಅಡ ಇಡುವುದು. ಗಂಡ ಒಪ್ಪುತ್ತಿಲ್ಲ, ನೀವು ಒಪ್ಪಿಸಿಕೊಡಿ ಎಂದು ಕೇಳಿದರು.

ಆಪರೇಷನ್ ಬೇಡ ಎಂದು ನಾನು ಹೇಳಲಿಲ್ಲ. ನಾನು ವೈದ್ಯೆ ಅಲ್ಲ, ಅದು ನನ್ನ ಮಾತಿಗೆ ಬಿಟ್ಟದ್ದೂ ಅಲ್ಲ. ಅದರಿಂದ ಬದುಕು ಸುಧಾರಿಸಿದವರನ್ನೂ ನೋಡಿದ್ದೇನೆ. ಕೇಳಿದ್ದು ಒಂದೇ ಪ್ರಶ್ನೆ: ತೂಕ ಯಾವಾಗಿನಿಂದ ಏರಿತು?

ಸ್ವಲ್ಪ ಹೊತ್ತು ಯೋಚಿಸಿ, "ಗುಡ್ಡ ಜಾರಿದ ಮೇಲೆ" ಎಂದರು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಏನಾಯಿತು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜಾನಕಿಯ ತವರು ಮನೆಯೂ ತೋಟದ ಒಂದು ಭಾಗವೂ ಆಗ ಹೋದವು. ಜೀವ ಉಳಿಯಿತಲ್ಲ ಎಂದು ಎಲ್ಲರೂ ಸಮಾಧಾನ ಮಾಡಿದರು. ಅವರಿಗೆ ಮಾತ್ರ ರಾತ್ರಿ ಮಳೆ ಜೋರಾದರೆ ನಿದ್ದೆ ಬರುತ್ತಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಉಳಿದ ಅನ್ನ, ಸಾರು, ಮಕ್ಕಳ ಬಿಸ್ಕತ್ತು, ಏನಿದ್ದರೂ ಸರಿ. ಹೊಟ್ಟೆ ಭಾರವಾದರೆ ಕಣ್ಣು ಮುಚ್ಚುತ್ತಿತ್ತು. ಬರಬರುತ್ತಾ ಮಳೆ ಇಲ್ಲದ ರಾತ್ರಿಯೂ ಹಾಗೇ ಆಯಿತು. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಗಲು ಹೊತ್ತು ಎಲ್ಲರೆದುರು ಅರ್ಧ ಊಟ ಮಾಡುತ್ತಿದ್ದರು.

ಎತ್ತರ 156 ಸೆಂಟಿಮೀಟರ್, ತೂಕ 84 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಲೆಕ್ಕ ಹಾಕಿದರೆ ಸುಮಾರು 34.5. ಭಾರತೀಯರಿಗೆ 25 ದಾಟಿದರೆ ಬೊಜ್ಜು ಎನ್ನುತ್ತಾರೆ. ಏಷ್ಯಾದವರಿಗೆ 27.5 ದಾಟಿದರೆ ಶಸ್ತ್ರಚಿಕಿತ್ಸೆ ಪರಿಗಣಿಸಬಹುದು ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಅವರ ಯೋಚನೆ ತಪ್ಪೇನಲ್ಲ. ಆದರೆ ಸ್ಲೀವ್ ಎನ್ನುವ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಜಾಸ್ತಿ ಭಾಗವನ್ನು ತೆಗೆದುಬಿಡುತ್ತಾರೆ, ಅದನ್ನು ಮತ್ತೆ ಜೋಡಿಸಲು ಆಗುವುದಿಲ್ಲ. ಆಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ, ರಕ್ತ ಪರೀಕ್ಷೆ ಜೀವನಪೂರ್ತಿ ಇರುತ್ತವೆ. ರಾತ್ರಿ ಎಬ್ಬಿಸುವ ಭಯವನ್ನು ಯಾವ ಸರ್ಜನ್ನೂ ಕತ್ತರಿಸಿ ತೆಗೆಯಲಾರರು. ಅದಕ್ಕೇ ಒಳ್ಳೆಯ ಸರ್ಜನ್‌ಗಳು ಮೊದಲು ಮನಸ್ಸಿನ ಸ್ಥಿತಿಯನ್ನೂ ತಿನ್ನುವ ರೀತಿಯನ್ನೂ ಪರೀಕ್ಷಿಸಿ ಎನ್ನುತ್ತಾರೆ.

ಮದುವೆಯ ಆತುರ ಯಾಕೆ ಎಂದು ಕೇಳಿದೆ. ಹಿಂದಿನ ವರ್ಷ ಒಂದು ಮದುವೆಮನೆಯಲ್ಲಿ ಯಾರೋ, "ನಿನಗೆ ಸೀರೆ ಉಡಿಸೋಕೆ ಇನ್ನೂ ನಾಲ್ಕು ಮೊಳ ಬೇಕು" ಎಂದಿದ್ದರಂತೆ. ಸುತ್ತ ಇದ್ದವರೆಲ್ಲ ನಕ್ಕರಂತೆ. ಇದನ್ನು ಹೇಳುವಾಗ ಜಾನಕಿ ಅತ್ತರು. ಗುಡ್ಡದ ವಿಷಯ ಹೇಳುವಾಗ ಅತ್ತಿರಲಿಲ್ಲ. ಇಂಥ ಮಾತು ಆಡುವವರಿಗೆ ಅದರ ಪೆಟ್ಟು ಗೊತ್ತಾಗುವುದಿಲ್ಲ. ಆದರೆ ಆ ಅವಮಾನದ ಅವಸರದಲ್ಲಿ ದೇಹಕ್ಕೆ ಕತ್ತರಿ ಹಾಕಿಸಿಕೊಳ್ಳುವ ತೀರ್ಮಾನ ಮಾಡಬೇಡಿ ಎಂದು ಬೇಡಿಕೊಂಡೆ. ಮದುವೆಯ ದಿನವನ್ನೂ ಚಿಕಿತ್ಸೆಯನ್ನೂ ಬೇರೆ ಬೇರೆ ಇಡೋಣ ಎಂದೆ. ನಾನು ಕೊಟ್ಟ ಮೊದಲ ಸಲಹೆ ಇದು. ಒಪ್ಪಿಕೊಳ್ಳಲು ಅವರಿಗೆ ತುಂಬಾ ಸಮಯ ಬೇಕಾಯಿತು.

ಎರಡನೆಯದು ಸುಲಭದ್ದು. ಮನೆಯಲ್ಲಿ ನುಂಗುವ ಮಾತ್ರೆ, ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ತನ್ನಿ ಎಂದೆ. ಚೀಲದಲ್ಲಿ ಎರಡು ವಸ್ತು ಸಿಕ್ಕವು. ಒಂದು, ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ ಗಾರ್ಸಿನಿಯಾ ಮಾತ್ರೆ. "ಇದು ನಮ್ಮ ಕಾಚಂಪುಳಿಯೇ ಅಲ್ವಾ, ಏನಾಗುತ್ತೆ?" ಎಂದು ಕೇಳಿದರು. ನಮ್ಮ ಅಡುಗೆಯ ಹುಳಿಯಾದ ಕಾಚಂಪುಳಿ ಮಾಡುವ ಹಣ್ಣು ಅದೇ ನಿಜ. ಪಂದಿ ಕರಿಗೆ ಒಂದೆರಡು ಚಮಚ ಕಾಚಂಪುಳಿ ಹಾಕುವುದು ಬೇರೆ, ಅದರ ಸಾರವನ್ನು ಗಟ್ಟಿಮಾಡಿ ದಿನಾ ನುಂಗುವುದು ಬೇರೆ. ಇಂಥ ಮಾತ್ರೆಗಳಿಂದ ತೂಕ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ, ಲಿವರ್ ಕೆಟ್ಟ ಪ್ರಕರಣಗಳು ಮಾತ್ರ ದಾಖಲಾಗಿವೆ. ಇನ್ನೊಂದು ಮಿರ್ಟಾಜಪಿನ್. 2018ರ ನಂತರ ನಿದ್ದೆ, ಬೇಸರಕ್ಕೆಂದು ಯಾರೋ ವೈದ್ಯರು ಬರೆದದ್ದು. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸಿಕೊಂಡಿದ್ದರು. ಆಗ ಅದು ಬೇಕಾಗಿತ್ತು, ಉಪಯೋಗವೂ ಆಗಿತ್ತು. ಆದರೆ ಅದು ಹಸಿವನ್ನೂ ತೂಕವನ್ನೂ ಏರಿಸುವ ಮಾತ್ರೆ. ನೀವಾಗಿ ನಿಲ್ಲಿಸಬೇಡಿ, ದಿಢೀರನೆ ಬಿಟ್ಟರೆ ತೊಂದರೆ ಎಂದು ಒತ್ತಿ ಹೇಳಿ, ಚೀಲದ ಸಮೇತ ವೈದ್ಯರ ಬಳಿ ಕಳಿಸಿದೆ.

ಮಡಿಕೇರಿಯಲ್ಲಿ ಈಗ ಮೆಡಿಕಲ್ ಕಾಲೇಜು ಆಸ್ಪತ್ರೆ ಇರುವುದರಿಂದ ಇಂಥದ್ದಕ್ಕೆಲ್ಲ ಮೈಸೂರಿಗೆ ಓಡಬೇಕಿಲ್ಲ. ವೈದ್ಯರು ಥೈರಾಯ್ಡ್, ಸಕ್ಕರೆ, ಲಿವರ್ ನೋಡಿದರು. ಗೊರಕೆ ಬಗ್ಗೆಯೂ ಕೇಳಿದರು. ಥೈರಾಯ್ಡ್ ಸರಿಯಿತ್ತು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.2, ಅಂದರೆ ಸಕ್ಕರೆ ಕಾಯಿಲೆಯ ಅಂಚು. ಲಿವರ್‌ನಲ್ಲಿ ಕೊಬ್ಬು. ಮನೋವೈದ್ಯರು ಮಿರ್ಟಾಜಪಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ಬೇರೆ ಮಾತ್ರೆ ಕೊಟ್ಟರು. ಜಾನಕಿ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆಯೂ ಕೇಳಿದ್ದರು. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಈಗ ಇಲ್ಲೂ ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ವಾಕರಿಕೆ, ವಾಂತಿ ಬರಬಹುದು, ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ, ಕೆಲವು ಕಾಯಿಲೆ ಇರುವವರಿಗೆ ಕೊಡುವಂತಿಲ್ಲ. ಮೊದಲು ಮಾತ್ರೆ ಬದಲಿಸಿ ನೋಡೋಣ, ಅದು ಆಮೇಲೆ ಎಂದರು ವೈದ್ಯರು.

ಗುರಿ ಇಟ್ಟದ್ದು 84ರಲ್ಲಿ ಶೇಕಡಾ 5ರಿಂದ 10, ಅಂದರೆ ನಾಲ್ಕರಿಂದ ಎಂಟು ಕೆಜಿ. "ಅಷ್ಟೇನಾ?" ಎಂದರು ಜಾನಕಿ. ಅಷ್ಟು ಇಳಿದರೂ ಸಕ್ಕರೆ, ಬಿಪಿ, ಲಿವರ್ ಸುಧಾರಿಸುತ್ತವೆ. ವಾರಕ್ಕೆ ಅರ್ಧ ಕೆಜಿ ಸಾಕು, ಒಂದು ಕೆಜಿ ಮೀರುವುದು ಬೇಡ. ಉಪವಾಸ ಬಿದ್ದು ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಜಾಸ್ತಿ, ಸ್ನಾಯುವೂ ಕರಗುತ್ತದೆ.

ಊಟದ ಪಟ್ಟಿಯನ್ನು ಡಯೆಟಿಷಿಯನ್ ನಮ್ಮ ಅಡುಗೆಯಲ್ಲೇ ಮಾಡಿಕೊಟ್ಟರು. ಕಡಂಬಿಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ನಾಲ್ಕರ ಬದಲು ಎರಡು, ಜೊತೆಗೆ ಕಾಳು, ಸೊಪ್ಪು. ಪಂದಿ ಕರಿ ವಾರಕ್ಕೊಮ್ಮೆ, ಕೊಬ್ಬಿಲ್ಲದ ತುಂಡು. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ ಸಕ್ಕರೆಯಿಂದಲೇ ಸುಮಾರು 200 ಕ್ಯಾಲೊರಿ. ಅದನ್ನು ಎರಡು ಲೋಟಕ್ಕೆ ಇಳಿಸಿದರು. ನಡಿಗೆ ಮಾತ್ರ ಕಷ್ಟವಾಯಿತು. ಬೆಳಗ್ಗೆ ಬೇಗ ತೋಟದ ರಸ್ತೆಯಲ್ಲಿ ಆನೆ ಭಯ. ಕೊನೆಗೆ ಮನೆ ಮುಂದಿನ ಕಾಫಿ ಕಣದಲ್ಲೇ ಅರ್ಧ ಗಂಟೆ ಸುತ್ತುವುದೆಂದಾಯಿತು, ವಾರಕ್ಕೆ ಐದು ದಿನ.

ನನ್ನ ಪಾಲಿನ ಕೆಲಸ ರಾತ್ರಿಯದು. ಗಂಡನಿಗೆ ವಿಷಯ ಹೇಳಿ ಎಂದೆ. ನನ್ನೆದುರೇ ಹೇಳಿದರು. ಅವರು ಬೈಯಲಿಲ್ಲ, "ನನ್ನನ್ನು ಎಬ್ಬಿಸಬಾರದಿತ್ತಾ?" ಎಂದು ಕೇಳಿದರು. ಅಂದಿನಿಂದ ಎಚ್ಚರವಾದರೆ ಅವರನ್ನು ಎಬ್ಬಿಸುವುದು, ದೀಪ ಹಾಕಿ ಹತ್ತು ನಿಮಿಷ ಮಾತಾಡುವುದು, ಆಮೇಲೂ ಹಸಿವಿದ್ದರೆ ಕೂತು ತಟ್ಟೆಯಲ್ಲಿ ಹಾಕಿಕೊಂಡು ತಿನ್ನುವುದು ಎಂದು ನಿಯಮ ಮಾಡಿಕೊಂಡರು. ಕದ್ದು ತಿನ್ನುವುದು ನಿಂತ ಮೇಲೆ ತಿನ್ನುವುದೇ ಕಡಿಮೆಯಾಯಿತು. ಒಬ್ಬರೇ ಇರುವ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೊಟ್ಟಿದ್ದೆ. ತೂಕ ನೋಡುವುದು ವಾರಕ್ಕೊಮ್ಮೆ ಮಾತ್ರ. ಅತ್ತೆಗೂ ಒಂದು ಮಾತು ಹೇಳಿಸಿದೆ: ಸೊಸೆಯ ತಟ್ಟೆ ನೋಡಿ ಬೈಯುವುದೂ ಬೇಡ, ಹೊಗಳುವುದೂ ಬೇಡ.

ಮದುವೆಗೆ ಜಾನಕಿ 79 ಕೆಜಿ ಇದ್ದಾಗ ಹೋದರು. ನನಗೆ ಮುಖ್ಯವಾಗಿದ್ದು ಮೇ ಅಲ್ಲ, ಜುಲೈ. ಮಳೆ ಹಿಡಿದಾಗ ಹಳೆಯ ಎಚ್ಚರ ಮರಳಿತು, ತೂಕವೂ ಒಂದು ಕೆಜಿ ಏರಿತು. ಗಾಬರಿಯಿಂದ ಫೋನ್ ಮಾಡಿದರು. ಊಟ ಬಿಡಬೇಡಿ, ಬೇಗ ಬಂದು ಮಾತಾಡಿ ಎಂದೆ. ಬಂದರು. ಆ ಮಳೆಗಾಲದಲ್ಲೇ ತವರಿನ ಬಗ್ಗೆ ಮೊದಲ ಸಲ ಪೂರ್ತಿ ಮಾತಾಡಿದರು.

ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ 76 ಕೆಜಿ, ಎಚ್‌ಬಿಎ1ಸಿ 5.7. ಆಪರೇಷನ್ ಮಾತು ಮುಗಿದಿಲ್ಲ. ತೂಕ ಇಲ್ಲೇ ನಿಂತು ಸಕ್ಕರೆ ಮತ್ತೆ ಏರಿದರೆ ಇಂಜೆಕ್ಷನ್, ಆಪರೇಷನ್ ಎರಡನ್ನೂ ವೈದ್ಯರ ಜೊತೆ ಕೂತು ಯೋಚಿಸುತ್ತಾರೆ. ಮೆಣಸಿನ ದುಡ್ಡು ಬ್ಯಾಂಕಿನಲ್ಲೇ ಇದೆ.