ಕಿವಿ ಗುಂಯ್ ಅನ್ನುವವರು ಶೂಟಿಂಗ್ ಮುಂದುವರಿಸುವುದಾದರೆ ಯಾವ ಇಯರ್‌ಮಫ್ ಕೊಳ್ಳಬೇಕು?

ಕಾರವಾರ, ಭಾನುವಾರದ ರೈಫಲ್ ಅಭ್ಯಾಸ, ರಾತ್ರಿ ಎಡಗಿವಿಯಲ್ಲಿ ಗುಂಯ್, ಅತಿ ಹೆಚ್ಚು ಎನ್‌ಆರ್‌ಆರ್ (ಎಷ್ಟು ಡೆಸಿಬೆಲ್ ಸದ್ದು ತಡೆಯುತ್ತದೆ ಅನ್ನುವ ಲೇಬಲ್ಲಿನ ಅಂಕಿ) ಇರುವ ಮಫ್ ಯಾವುದು ಅಂತ ನಿಮ್ಮ ಪ್ರಶ್ನೆ. ನೀವು ಬಲಗೈಯಲ್ಲಿ ಹೊಡೆಯುವವರಿರಬೇಕು. ನನ್ನದೂ ಎಡಗಿವಿಯೇ.

ಶಿರಸಿ ಕಡೆಯವನು, ಬೆಳೆ ರಕ್ಷಣೆ ಲೈಸೆನ್ಸಿನ ತೋಟಾ ಕೋವಿ ಇದೆ. ಗದ್ದೆಗೆ ಹಂದಿ ಇಳಿದರೆ ಬೆದರಿಸಲಿಕ್ಕೆ ಮೇಲಕ್ಕೊಂದು ಈಡು. ಮಫ್ ಇತ್ತು, ಒಳ್ಳೆಯ ಕಂಪನಿಯದೇ. ಅದನ್ನು ಹಾಕಿಕೊಂಡರೆ ಹಂದಿ ಬಂದ ಸರಸರ ಕೇಳುವುದಿಲ್ಲವಲ್ಲ, ಎಡಗಡೆಯ ಬಟ್ಟಲನ್ನು ಕಿವಿಯ ಹಿಂದಕ್ಕೆ ಸರಿಸಿ ಗದ್ದೆ ಕಾಯುವ ಮಾಳದಲ್ಲಿ ಕೂತಿದ್ದೆ. ಸದ್ದಾಯಿತು, ಕೋವಿಯ ಕುದುರೆ ಎಳೆದೆ. ಬಟ್ಟಲು ಹಿಂದೆಯೇ ಇತ್ತು.

ಎಡಗಿವಿಯೇ ಯಾಕೆ ಕೆಟ್ಟಿತು ಅಂದರೆ, ಬಲಗೈಯವರು ಕೆನ್ನೆಯನ್ನು ಕೋವಿಯ ಹಿಡಿಗೆ ಒತ್ತಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗುತ್ತದೆ, ಬಲಗಿವಿ ತಲೆಯ ಮರೆಗೆ ಹೋಗುತ್ತದೆ. ಅಂದರೆ ಹೆಚ್ಚು ಪೆಟ್ಟು ತಿನ್ನುವ ಕಿವಿಯನ್ನೇ ನಾನು ತೆರೆದಿಟ್ಟಿದ್ದೆ. 12 ಬೋರಿನ ಈಡು ಹೊಡೆಯುವವನ ಕಿವಿಯ ಹತ್ತಿರ 150 ಡೆಸಿಬೆಲ್ ದಾಟುತ್ತದೆ. ದೊಡ್ಡವರ ಕಿವಿಗೆ ಇಂಥ ಒಂದೇ ಪೆಟ್ಟಿನ ಸದ್ದಿಗೆ ಹಾಕಿರುವ ಗಡಿ 140. ಜೋರು ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯು ಬಿಗಿದು ಸ್ವಲ್ಪ ತಡೆಯುತ್ತದೆ ನಿಜ. ಆದರೆ ಅದು ಬಿಗಿಯುವಷ್ಟರಲ್ಲಿ ಈಡಿನ ಸದ್ದು ಒಳಗೆ ಹೋಗಿ ಆಗಿರುತ್ತದೆ. ಮೇಲೆ ಜಿಂಕ್ ಶೀಟಿನ ಮಾಡು ಬೇರೆ, ಹೋದ ಸದ್ದು ಅಲ್ಲಿಂದ ತಿರುಗಿ ತಲೆಗೇ ಬಡಿಯಿತು. ಕಾರ್ತಿಕದಲ್ಲಿ ಜೀರುಂಡೆ ನಿಂತ ಮೇಲೂ ನನಗೆ ಜೀರುಂಡೆ.

ಬಟ್ಟಲನ್ನು ಮತ್ತೆ ಕಿವಿಗೆ ತರಲು ಮರೆತದ್ದು ಆಮೇಲಿನ ಮಾತು. ಕಿವಿಗೊಟ್ಟು ಕಾಯುವ ಕೆಲಸಕ್ಕೆ ಎಲ್ಲ ಸದ್ದನ್ನೂ ಮುಚ್ಚುವ ಮಫ್ ಕೊಂಡದ್ದೇ ತಪ್ಪು. ಅಂಥದ್ದನ್ನು ಮನುಷ್ಯ ಒಂದಲ್ಲ ಒಂದು ಸಲ ಸರಿಸಿಯೇ ಸರಿಸುತ್ತಾನೆ. ಶೂಟಿಂಗ್ ರೇಂಜಿನಲ್ಲಿ ನೀವೂ ಪಕ್ಕದವರ ಮಾತು ಕೇಳಲು ಎತ್ತುತ್ತೀರಿ, ಅಷ್ಟರಲ್ಲಿ ಮೂರನೆಯವನು ಹೊಡೆಯುತ್ತಾನೆ.

ಹಾಗಾಗಿ ನಂಬರ್ ಹಿಂದೆ ಹೋಗಬೇಡಿ ಮಾರಾಯ್ರೇ. ಪೆಲ್ಟರ್ ಎಕ್ಸ್5ಎ ಮಫ್‌ಗೆ 31 ಇದೆ. ಆದರೆ ಬಟ್ಟಲು ಎಷ್ಟು ದಪ್ಪ ಅಂದರೆ ರೈಫಲ್ಲಿಗೆ ಕೆನ್ನೆ ಇಟ್ಟ ಕೂಡಲೇ ಅಂಚು ತಾಗಿ ಮಫ್ ವಾಲುತ್ತದೆ, ಸರಿಯಾಗಿ ಹೊಡೆಯುವ ಗಳಿಗೆಯಲ್ಲೇ ಸಂದು ಬಿಡುತ್ತದೆ. ದಪ್ಪ ಕಡ್ಡಿಯ ಕನ್ನಡಕ, ಟೋಪಿಯ ಅಂಚು, ಉದ್ದ ಕೂದಲು ಇವೂ ಅದನ್ನೇ ಮಾಡುತ್ತವೆ. ಲೇಬಲ್ಲಿನ ಅಂಕಿ ಪ್ರಯೋಗಾಲಯದ್ದು, ಅದೂ ಒಂದೇ ಸಮ ಬರುವ ಸದ್ದಿಗೆ ಅಳೆದದ್ದು. ನಿಮ್ಮ ಕಿವಿಗೆ ಸಿಗುವುದು ಅರ್ಧ ಅಂದುಕೊಂಡರೆ ಕ್ಷೇಮ.

ಟಿನಿಟಸ್, ಅಂದರೆ ಈ ಗುಂಯ್, ಇದ್ದವರಿಗೆ ನನ್ನ ಪ್ರಕಾರ ಇರುವುದು ಒಂದೇ ದಾರಿ: ಒಳಗೆ ಫೋಮ್ ಪ್ಲಗ್, ಮೇಲೆ ತೆಳು ಬಟ್ಟಲಿನ ಎಲೆಕ್ಟ್ರಾನಿಕ್ ಮಫ್. ಹೋವರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್ ಆ ಥರದ್ದು. ಎನ್‌ಆರ್‌ಆರ್ ಬರೀ 22. ಹೊರಗಿನ ಮೈಕ್ ಮಾತನ್ನು ಒಳಗೆ ಬಿಡುತ್ತದೆ, 82 ಡೆಸಿಬೆಲ್ ದಾಟಿದರೆ ಆ ದಾರಿ ಮುಚ್ಚುತ್ತದೆ. ಒಳಗೆ 29ರ ಪ್ಲಗ್ ಇದ್ದರೂ ವಾಲ್ಯೂಮ್ ಏರಿಸಿದರೆ ರೇಂಜ್ ಆಫೀಸರ್ ಕೂಗಿದ್ದು ಕೇಳುತ್ತದೆ, ಮಫ್ ಎತ್ತುವ ಪ್ರಸಂಗವೇ ಬರುವುದಿಲ್ಲ. ಎರಡೂ ಸೇರಿ 51 ಅಂತ ಕೂಡಬೇಡಿ. ದೊಡ್ಡ ಅಂಕಿಗೆ ಸುಮಾರು 5 ಸೇರಿಸಬೇಕು, ಅಂದರೆ 34. ಅದಕ್ಕಿಂತ ಹೆಚ್ಚು ಮುಚ್ಚುತ್ತ ಹೋದರೂ ಒಂದು ಹಂತದ ಮೇಲೆ ಸದ್ದು ತಲೆಬುರುಡೆಯ ಮೂಳೆಯಿಂದಲೇ ಒಳಗೆ ಬರುತ್ತದೆ. ಹಾಡು ಕೇಳುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನು, ಹತ್ತಿ, ಇವೆರಡರ ಸುದ್ದಿಯೇ ಬೇಡ.

ಪ್ಲಗ್ ಹಾಕುವುದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಒಣಗಿದ ಕೈಯಲ್ಲಿ ಊದುಬತ್ತಿ ಹೊಸೆದ ಹಾಗೆ, ಸುಕ್ಕು ಬೀಳದಂತೆ ತೆಳ್ಳಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಪ್ಲಗ್ ತೂರಿಸಿ, ಉಬ್ಬುವ ತನಕ, ಅಂದರೆ 30–40 ಸೆಕೆಂಡು, ಬೆರಳಲ್ಲಿ ಒತ್ತಿ ಹಿಡಿಯಿರಿ. ಆಮೇಲೆ ಅಂಗೈಯಿಂದ ಕಿವಿ ಮುಚ್ಚಿ ತೆಗೆದು ನೋಡಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾದರೆ ಪ್ಲಗ್ ಕೂತಿಲ್ಲ.

ಪ್ಲಗ್ ಹಾಕಿದರೆ ಗುಂಯ್ ಇನ್ನೂ ಜೋರಾಗುತ್ತದೆ, ಕಿವಿ ಕೆಡುತ್ತಿದೆಯೇ ಅಂತಲೂ ಕೇಳಿದ್ದೀರಿ. ಇಲ್ಲ. ಹೊರಗಿನ ಸದ್ದು ಕಡಿಮೆಯಾದಾಗ ಒಳಗಿನದು ಎದ್ದು ಕೇಳುತ್ತದೆ, ಅಷ್ಟೇ. ಹಾಗಂತ ಹೆದರಿ ಮನೆಯಲ್ಲೂ ಪೇಟೆಯಲ್ಲೂ ಪ್ಲಗ್ ಹಾಕಿಕೊಂಡು ಓಡಾಡಬೇಡಿ, ಕಿವಿ ಸಣ್ಣ ಸದ್ದಿಗೂ ಬೆಚ್ಚುವಂತಾಗುತ್ತದೆ. ಮಲಗುವಾಗ ಫ್ಯಾನ್ ಓಡುತ್ತಿರಲಿ.

ಮಫ್ ಆರ್ಡರ್ ಮಾಡುವ ಮೊದಲು ಕಿವಿಯ ಡಾಕ್ಟರರ ಹತ್ತಿರ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಿ. 4000 ಹರ್ಟ್ಸ್ ಆಸುಪಾಸು ಗೆರೆ ಗುಂಡಿ ಬಿದ್ದಂತೆ ಇಳಿದಿದ್ದರೆ ಅದು ಸದ್ದಿನ ಪೆಟ್ಟು. ಆಗ 10 ಮೀಟರ್ ಏರ್ ರೈಫಲ್ಲಿಗೆ ಬದಲಾಯಿಸಿ ಅನ್ನುತ್ತೇನೆ, ನಿಮಗೆ ಇಷ್ಟವಾಗಲಿಕ್ಕಿಲ್ಲ. ಈಡು ಹೊಡೆದು ಒಮ್ಮೆಲೇ ಕಿವಿ ಮಂದವಾದರೆ ಮಾತ್ರ ವಾರ ಕಾಯಬೇಡಿ, ಮರುದಿನವೇ ಹೋಗಿ. ಸ್ಟೀರಾಯ್ಡ್ ಕೊಡುವುದಿದ್ದರೆ ಬೇಗ ಶುರು ಮಾಡಬೇಕು.

ಕರಾವಳಿಯವರು ಅಂತ ಇನ್ನೆರಡು ಮಾತು. ಬೆವರಿಗೆ ಮಫ್‌ನ ಕುಶನ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಆರು ತಿಂಗಳಿಗೊಮ್ಮೆ ಬದಲಿಸಿ. ಹೊಸೆಯುವ ಫೋಮ್ ಪ್ಲಗ್ ತೊಳೆದು ಮತ್ತೆ ಹಾಕಬೇಡಿ, ಮಳೆಗಾಲದಲ್ಲಿ ಕಿವಿಯೊಳಗೆ ಬೂಷ್ಟು ಹಿಡಿಯುತ್ತದೆ. ಜೂನಿಗೆ ರೈಫಲ್ ಒಳಗಿಟ್ಟಾಗ ಮಫ್‌ನ ಎರಡೂ ಎಎಎ ಸೆಲ್ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಅಕ್ಟೋಬರಿನಲ್ಲಿ ಸೆಲ್ಲಿನ ಸ್ಪ್ರಿಂಗ್ ಹಸಿರು ಹಿಡಿದಿರುತ್ತದೆ.